ಸೈನ್ಸಿದೆ ದೊಡ್ಡಪ್ಪ

ನನ್ನ ಷಡ್ಡಕರು ಸುಮ್ಮನೆ ಕೈ ಮುಗಿಯುವವರಲ್ಲ. ಎರಡು ಅಂಗೈ ಸೇರಿದಾಗ ಹತ್ತೂ ಬೆರಳ ತುದಿಯ ನರಗಳು ಒತ್ತಿಕೊಂಡು ಎದುರಿಗಿರುವವರ ಮುಖ ಮೆದುಳಿನಲ್ಲಿ ಅಚ್ಚಾಗುತ್ತದೆಂದು ಮೊದಲು ವಿವರಿಸಿ, ಆಮೇಲೆ ಮುಗಿಯುತ್ತಾರೆ. ಅಷ್ಟು ಹೊತ್ತಿಗೆ ಎದುರಿಗಿದ್ದವರು ಕಾಫಿ ಕುಡಿದು ಲೋಟ ಕೆಳಗಿಟ್ಟಿರುತ್ತಾರೆ. ಇಷ್ಟೆಲ್ಲ ಒತ್ತಿಯೂ ಅವರಿಗೆ ಯಾರ ಮುಖವೂ ನೆನಪಿರುವುದಿಲ್ಲ. ಮದುವೆಮನೆಗಳಲ್ಲಿ ನನ್ನನ್ನು ನನ್ನ ತಮ್ಮನೆಂದು ತಿಳಿದು, ನನ್ನ ಬಗ್ಗೆಯೇ ನನಗೆ ದೂರು ಹೇಳಿದ್ದಾರೆ.

ಹೆಸರು ಬೇಡ, ಹಬ್ಬದೂಟಕ್ಕೆ ಸಂಚಕಾರ. ಹೆಂಡತಿ ಭಾವ ಅನ್ನುತ್ತಾಳೆಂದು ನಾನೂ ಭಾವ ಅನ್ನುತ್ತೇನೆ. ಮಕ್ಕಳ ಬಾಯಲ್ಲಿ ಅವರು ‘ಸೈನ್ಸಿದೆ ದೊಡ್ಡಪ್ಪ’. ಯಾವ ಆಚಾರದ ಮಾತು ಬಂದರೂ ತೋರುಬೆರಳೆತ್ತಿ “ಇದರ ಹಿಂದೆ ಸೈನ್ಸಿದೆ” ಎನ್ನುವುದರಿಂದ ಸಿಕ್ಕ ಬಿರುದು. ನಿಮ್ಮ ಮನೆಯಲ್ಲೂ ಒಬ್ಬರಿರುತ್ತಾರೆ. ಇಲ್ಲದಿದ್ದರೆ ಮಹಡಿಯ ಮನೆಯಲ್ಲಿ, ಬೆಳಗಿನ ವಾಕಿಂಗ್ ಗುಂಪಿನಲ್ಲಿ, ಸತ್ಯನಾರಾಯಣ ಪೂಜೆಯಲ್ಲಿ ಸಪಾದಭಕ್ಷ್ಯಕ್ಕೆ ಕಾದು ಕೂತ ನಿಮ್ಮ ಪಕ್ಕದ ಕುರ್ಚಿಯಲ್ಲಿ. ಹೆಚ್ಚಾಗಿ ನಿವೃತ್ತ ಇಂಜಿನಿಯರು. ವೈದ್ಯರೂ ಉಂಟು, ಆದರೆ ಅವರಿಗೆ ಪುರುಸೊತ್ತು ಕಡಿಮೆ.

ಕಾಲುಂಗುರ ಗರ್ಭಕೋಶದ ನರಕ್ಕೆ, ಕುಂಕುಮ ಹುಬ್ಬುಗಳ ನಡುವಿನ ಗ್ರಂಥಿಗೆ, ದೇವಸ್ಥಾನದ ಗಂಟೆ ಮೆದುಳಿನ ಎಡಬಲ ಭಾಗಗಳ ಸಮತೋಲಕ್ಕೆ. ಹೀಗೆ ಒಂದೊಂದು ಆಚಾರಕ್ಕೂ ಒಂದೊಂದು ಅಂಗವನ್ನು ಹಂಚಿಕೊಟ್ಟಿದ್ದಾರೆ. ಪ್ರದಕ್ಷಿಣೆ ಮಾತ್ರ ಗರ್ಭಗುಡಿಯ ಕೆಳಗೆ ಹೂತಿರುವ ತಾಮ್ರದ ತಗಡಿನ ಕಾಂತಶಕ್ತಿಗೆ. ತಾಮ್ರವನ್ನು ಅಯಸ್ಕಾಂತ ಎಳೆಯುವುದಿಲ್ಲವಲ್ಲ ಭಾವ ಎಂದರೆ, “ಈಗಿನ ತಾಮ್ರವನ್ನ” ಎನ್ನುತ್ತಾರೆ. ಸೂರ್ಯನಿಂದ ಓಂಕಾರ ಹೊರಡುವುದನ್ನು ನಾಸಾದವರು ರೆಕಾರ್ಡ್ ಮಾಡಿಟ್ಟಿದ್ದಾರಂತೆ. ಭಾವನ ಪಾಲಿಗೆ ನಾಸಾ ಎಂದರೆ ನಮ್ಮ ಶಾಸ್ತ್ರಗಳಿಗೆ ಮೊಹರು ಒತ್ತಲೆಂದೇ ಅಮೆರಿಕದವರು ತೆರೆದಿರುವ ಕಚೇರಿ.

ಅವರು ಹೇಳುವುದೆಲ್ಲ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ನೀರಿಟ್ಟರೆ ಅದರೊಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ ಎನ್ನುವುದು ಪ್ರಯೋಗಾಲಯದಲ್ಲಿ ಕಂಡ ಮಾತೇ. ಈ ಒಂದು ಚೊಂಬನ್ನು ಹಿಡಿದುಕೊಂಡು ಅವರು ಉಳಿದ ಇಡೀ ದೇವರಮನೆಯನ್ನು ಗೆಲ್ಲಲು ಹೊರಡುತ್ತಾರೆ, ತಂಟೆ ಬರುವುದು ಅಲ್ಲಿ.

ಉತ್ತರಕ್ಕೆ ತಲೆಯಿಟ್ಟು ಮಲಗಿದರೆ ಭೂಮಿಯ ಕಾಂತಶಕ್ತಿ ರಕ್ತದ ಕಬ್ಬಿಣವನ್ನು ತಲೆಗೆ ಎಳೆಯುತ್ತದಂತೆ. ಕಳೆದ ವರ್ಷ ಸೊಂಟನೋವಿಗೆಂದು ಭಾವ ಎಂಆರ್‌ಐ ಮಾಡಿಸಬೇಕಾಗಿ ಬಂತು. ಆ ಯಂತ್ರದ ಕಾಂತಬಲ ಸಾಮಾನ್ಯವಾಗಿ 1.5 ಟೆಸ್ಲಾ. ಬೆಂಗಳೂರಿನಲ್ಲಿ ಭೂಮಿಯ ಬಲ ಅದರ ಮೂವತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಅಂಥದ್ದರೊಳಗೆ ಮಲಗಿ ಎದ್ದು ಬಂದರೂ ಕಬ್ಬಿಣ ಇದ್ದಲ್ಲೇ ಇತ್ತಲ್ಲ ಭಾವ ಎಂದು, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಲೆಕ್ಕ ಒಪ್ಪಿಸಿದೆ. “ಅದಕ್ಕೇ ಕಣಯ್ಯಾ, ಹೊರಗೆ ಬಂದಾಗ ತಲೆ ದಿಮ್ ಅಂತಿತ್ತು” ಎಂದವರೇ ಇನ್ನೊಂದು ಪ್ಲೇಟ್ ಇಡ್ಲಿ ತರಿಸಿದರು. ಬಿಲ್ಲು ನಾನು ಕೊಟ್ಟೆ.

ಇವೆಲ್ಲ ಸಣ್ಣಪುಟ್ಟವು. ನಾನು ಹೇಳಬೇಕೆಂದಿರುವುದು ಒನಕೆಯ ವಿಷಯ.

2022ರ ಅಕ್ಟೋಬರ್ 25, ದೀಪಾವಳಿ ಅಮಾವಾಸ್ಯೆ. ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ನಡುವೆ ಸೂರ್ಯಗ್ರಹಣ ನುಗ್ಗಿ ಕೂತಿತ್ತು. ಬೆಂಗಳೂರಿನಲ್ಲಿ ಸಂಜೆ ಐದು ದಾಟಿದ ಮೇಲೆ ಹಿಡಿದು, ಬಿಡುವ ಮೊದಲೇ ಸೂರ್ಯ ಮುಳುಗಿದ. ಹಬ್ಬಕ್ಕೆಂದು ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದರು. ಅತ್ತೆ ಕಜ್ಜಾಯದ ಡಬ್ಬಿಗೆ, ಉಪ್ಪಿನಕಾಯಿ ಭರಣಿಗೆ, ಕುಡಿಯುವ ನೀರಿಗೆ ದರ್ಭೆಯ ತುಂಡು ಹಾಕುತ್ತಿದ್ದರು.

“ದರ್ಭೆ ಗ್ರಹಣದ ಎಕ್ಸ್‌ರೇನೆಲ್ಲ ಹೀರಿಕೊಂಡುಬಿಡುತ್ತೆ ಅತ್ತೆ” ಎಂದರು ಭಾವ.

“ನಂಗೊತ್ತಿಲ್ಲಪ್ಪ. ನಮ್ಮತ್ತೆ ಹಾಕ್ತಿದ್ರು, ನಾನು ಹಾಕ್ತೀನಿ.”

ಭಾವನಿಗೆ ಇಂಥ ಮಾತು ಕೇಳಿದರೆ ಮೈ ಉರಿಯುತ್ತದೆ. ನಂಬದವರನ್ನಾದರೂ ಅವರು ಸಹಿಸಿಯಾರು, ಕಾರಣ ಕೇಳದೆ ನಂಬುವವರನ್ನು ಕಂಡರೆ ಆಗುವುದಿಲ್ಲ. ಇವರಿಗೆ ಸರಿಯಾಗಿ ತಿಳಿಸಿಯೇ ತೀರುತ್ತೇನೆಂದು ಪಣ ತೊಟ್ಟವರಂತೆ ಎದ್ದು, ಅಟ್ಟದ ಮೇಲಿದ್ದ ಒನಕೆಯನ್ನು ಇಳಿಸಿದರು. ಹೊಳೆನರಸೀಪುರದ ಕಡೆಯ ಹಳ್ಳಿಮನೆ ಮಾರಿದಾಗ ಅತ್ತೆ ಬಿಡದೆ ಹೊತ್ತು ತಂದ ಒನಕೆ ಅದು. ಹಿತ್ತಾಳೆಯ ಹರಿವಾಣಕ್ಕೆ ನೀರು ಬಂತು, ನೀರಿಗೆ ಅರಿಸಿನ ಬಂತು. ಹಾಲಿನ ನಟ್ಟನಡುವೆ ಹರಿವಾಣವಿಟ್ಟು, ಅದರೊಳಗೆ ಒನಕೆ ನಿಲ್ಲಿಸಿ, ಭಾವ ಮೆಲ್ಲಗೆ ಕೈ ಬಿಟ್ಟರು.

ಒನಕೆ ನಿಂತಿತು.

ಫ್ಯಾನು ಆರಿಸಲಾಯಿತು. ಫೋಟೋ ತೆಗೆಯಲಾಯಿತು. ಪಕ್ಕದ ಮನೆಯವರನ್ನು ಕರೆಯಲಾಯಿತು. ಡಲ್ಲಾಸಿನಲ್ಲಿದ್ದ ಮಗನನ್ನು ಬೆಳಗಿನ ಜಾವದ ನಿದ್ದೆಯಿಂದ ಎಬ್ಬಿಸಿ ವಿಡಿಯೋದಲ್ಲಿ ತೋರಿಸಲಾಯಿತು. “ನೋಡಿ, ಸೂರ್ಯ ಚಂದ್ರ ಭೂಮಿ ಮೂರೂ ಒಂದೇ ಗೆರೆಗೆ ಬಂದಿವೆ. ಮೇಲಿನ ಎಳೆತ, ಕೆಳಗಿನ ಎಳೆತ ಸಮ. ಒನಕೆ ಪಾಪ ಎಲ್ಲಿಗೆ ಬೀಳಬೇಕು?” ಗ್ರಹಣವೆಂದರೆ ನೆರಳಿನಾಟ ಎಂದು ಆರ್ಯಭಟ ಕ್ರಿ.ಶ. 499ರಲ್ಲೇ ಬರೆದಿಟ್ಟನೆಂದೂ ಸೇರಿಸಿದರು. ಅದು ನಿಜ, ಆದರೆ ಆರ್ಯಭಟ ಒನಕೆಯ ಸುದ್ದಿಗೆ ಹೋಗಿರಲಿಲ್ಲ.

ಆರನೇ ಕ್ಲಾಸಿನ ನನ್ನ ಮಗಳು ಮಾತಾಡದೆ ಎಲ್ಲ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ, ಭಾವ ಎಣ್ಣೆನೀರು ಮುಗಿಸಿ ಬರುವಷ್ಟರಲ್ಲಿ, ಅದೇ ಒನಕೆಯನ್ನು ಅಡುಗೆಮನೆಯ ಬರೀ ನೆಲದ ಮೇಲೆ ನಿಲ್ಲಿಸಿದ್ದಳು. ಹರಿವಾಣವಿಲ್ಲ, ಅರಿಸಿನವಿಲ್ಲ, ಫ್ಯಾನು ತಿರುಗುತ್ತಿದೆ.

ಭಾವ ಟವೆಲಿನಲ್ಲಿ ತಲೆ ಒರೆಸುತ್ತ ಒಂದು ಕ್ಷಣ ನಿಂತರು. “ಗ್ರಹಣದ ಪ್ರಭಾವ ನಲವತ್ತೆಂಟು ಗಂಟೆ ಇರುತ್ತೆ ಪುಟ್ಟಿ.”

ಮುಂದಿನ ಭಾನುವಾರ ಅವಳು ಮತ್ತೆ ನಿಲ್ಲಿಸಿ ಫೋಟೋ ಕಳಿಸಿದಳು. ಉತ್ತರ ಬಂತು: “ಮರಕ್ಕೆ ಅಭ್ಯಾಸವಾಗಿದೆ.”

ಕೊನೆಗೆ ತೀರ್ಪು ಕೊಟ್ಟವರು ಅತ್ತೆ. “ಬುಡ ಸಮವಾಗಿದ್ರೆ ಯಾವಾಗ ಬೇಕಾದ್ರೂ ನಿಲ್ಲುತ್ತೆ ಕಣೆ. ಭತ್ತ ಕುಟ್ಟಿ ಕುಟ್ಟಿ ಸಾಕಾದಾಗ ಹಾಗೇ ನಿಲ್ಲಿಸಿ ಬೆವರು ಒರೆಸಿಕೊಳ್ತಿದ್ವಿ.” ಮೊನ್ನೆ ಇದನ್ನೇಕೆ ಹೇಳಲಿಲ್ಲ ಎಂದು ಕೇಳಿದೆ. “ಅಳಿಯಂದಿರು ಅಷ್ಟು ಆಸೆಯಿಂದ ನಿಲ್ಲಿಸ್ತಿದ್ರು” ಎಂದರು. ದರ್ಭೆ ಹಾಕುವ ಕೈಗೇ ಒನಕೆಯ ಬುಡ ಹೇಗಿದೆಯೆಂಬುದೂ ಗೊತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಅವರಿಗೆ ಯಾವ ತೊಂದರೆಯೂ ಇರಲಿಲ್ಲ.

ನನ್ನದೂ ಹೇಳಿಬಿಡುತ್ತೇನೆ. ಗ್ರಹಣದ ಹೊತ್ತಿನಲ್ಲಿ ತಿನ್ನಬಾರದು ಎನ್ನುವುದನ್ನು ನಾನು ನಂಬುವುದಿಲ್ಲ. ಅಂದು ತಿನ್ನಲಿಲ್ಲ, ನಿಜ, ಹಸಿವಿರಲಿಲ್ಲ. ರಾತ್ರಿ ತಲೆಗೆ ನೀರು ಹಾಕಿಕೊಂಡದ್ದು ಸೆಖೆಗೆ. ಅಕ್ಟೋಬರ್ ಕೊನೆಯ ಬೆಂಗಳೂರಿನ ಸೆಖೆ ಬಲ್ಲವರೇ ಬಲ್ಲರು.

ಸೋಜಿಗವೆಂದರೆ ಭಾವ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು, ಎಚ್. ನರಸಿಂಹಯ್ಯನವರನ್ನು ಕಣ್ಣಾರೆ ಕಂಡವರು. ಖಾದಿ ಉಟ್ಟು, ಮದುವೆಯಾಗದೆ, ಹಾಸ್ಟೆಲಿನ ಕೋಣೆಯಲ್ಲೇ ಬದುಕಿದ ಆ ಭೌತಶಾಸ್ತ್ರದ ಮೇಷ್ಟ್ರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಉಂಗುರ ಬೇಡ, ತೋಳಿನೊಳಗೆ ಅಡಗದಂಥ ಕುಂಬಳಕಾಯಿ ಸೃಷ್ಟಿಸಿ ಎಂದು ಮೇಷ್ಟ್ರು ಕೇಳಿದ ಕಥೆಯನ್ನು ಗಾಂಧಿ ಬಜಾರಿನ ಹಿರಿಯರು ಇವತ್ತಿಗೂ ಹೇಳುತ್ತಾರೆ. ಭಾವನೂ ಹೇಳುತ್ತಾರೆ, ಅಭಿಮಾನದಿಂದ ಕಣ್ಣರಳಿಸಿಕೊಂಡು. ಹೇಳಿ ಮುಗಿಸಿದ ಮೇಲೆ, ಬೂದುಗುಂಬಳಕಾಯಿಯನ್ನು ಬಾಗಿಲಿಗೆ ಕಟ್ಟುವುದರ ಹಿಂದಿನ ಸೈನ್ಸ್ ಏನೆಂದು ತಿಳಿಸುತ್ತಾರೆ.

ಮೊದಲು ಹೀಗಿರಲಿಲ್ಲವಂತೆ. 1995ರ ಸೆಪ್ಟೆಂಬರ್ 21ರಂದು ದೇಶದ ಗಣಪತಿಗಳೆಲ್ಲ ಹಾಲು ಕುಡಿದಾಗ ಭಾವ ಬೀದಿಗೆ ನಿಂತಿದ್ದರೆಂದು ನನ್ನ ಹೆಂಡತಿ ನೆನೆಯುತ್ತಾಳೆ. ದೇವಸ್ಥಾನದ ಮುಂದೆ ಲೋಟ ಹಿಡಿದು ಸಾಲಾಗಿ ನಿಂತ ಜನರಿಗೆ, ತಮ್ಮ ಸ್ಕೂಟರಿನ ಹ್ಯಾಂಡಲ್ಲಿಗೆ ಚಮಚದಿಂದ ಹಾಲು ಮುಟ್ಟಿಸಿ ತೋರಿಸಿದರಂತೆ. ಅಲ್ಲೂ ಹಾಲು ಚಮಚದಿಂದ ಜಾರಿ, ತೆಳ್ಳಗೆ ಗೆರೆಯಾಗಿ ಇಳಿದು ಹೋಯಿತು. ಮೇಲ್ಮೈ ಎಳೆತ ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ಒಬ್ಬ ಅಜ್ಜಿ ಮಾತ್ರ ಎಲ್ಲ ಕೇಳಿಸಿಕೊಂಡು, ಸ್ಕೂಟರಿಗೂ ಒಂದು ನಮಸ್ಕಾರ ಹಾಕಿ ಹೋದಳಂತೆ.

ಆ ಮನುಷ್ಯ ಈ ಮನುಷ್ಯನಾದದ್ದು ಹೇಗೆ? ಮೊಬೈಲಿನಿಂದ ಎಂದು ನಾನು ಬಹಳ ದಿನ ತಿಳಿದಿದ್ದೆ. ಅಕ್ಕ, ಎಂದರೆ ಅವರ ಹೆಂಡತಿ, ಬೇರೆ ಹೇಳಿದರು. ಮಗನಿಗೆ ಉಪನಯನ ಮಾಡಿದ ವರ್ಷ ಆ ಹುಡುಗ ಜನಿವಾರ ಯಾಕೆ ಹಾಕಬೇಕಪ್ಪ ಎಂದು ಕೇಳಿದನಂತೆ. ಇದೇ ಪ್ರಶ್ನೆಯನ್ನು ಭಾವ ತಮ್ಮ ಕಾಲದಲ್ಲಿ ತಂದೆಗೆ ಕೇಳಿ ಕಪಾಳಕ್ಕೆ ತಿಂದಿದ್ದರು. ಹೊಡೆಯಲು ಕೈ ಬರಲಿಲ್ಲ, ತೆಗೆದುಬಿಡು ಎನ್ನಲು ಬಾಯಿ ಬರಲಿಲ್ಲ. ರಾತ್ರಿಯೆಲ್ಲ ಯೋಚಿಸಿ, ಕಿವಿಗೆ ಸುತ್ತಿಕೊಂಡರೆ ಯಾವುದೋ ನರ ಒತ್ತುತ್ತದೆ, ಹೊಟ್ಟೆ ಸಾಫಾಗುತ್ತದೆ ಎಂದು ಬೆಳಿಗ್ಗೆ ಹೇಳಿದರು. ಹುಡುಗ ಒಪ್ಪಿದ. ಆಮೇಲೆ ಪ್ರಶ್ನೆಗಳು ಬರುತ್ತಲೇ ಹೋದವು, ನರಗಳು ಹೆಚ್ಚುತ್ತಲೇ ಹೋದವು.

ಇದನ್ನು ಕೇಳಿದ ಮೇಲೆ ಅವರ ಮೇಲೆ ಸಿಟ್ಟು ಮಾಡುವುದು ಕಷ್ಟವಾಗಿದೆ. ಆ ಮನೆಯಲ್ಲಿ ಪ್ರಶ್ನೆಗೆ ಉತ್ತರ ಕೊಡಬೇಕು ಎಂದುಕೊಂಡ ಮೊದಲ ಅಪ್ಪ ಅವರು. ಉತ್ತರ ಸುಳ್ಳು, ಕೊಡಬೇಕೆನಿಸಿದ್ದು ಸುಳ್ಳಲ್ಲ. ನರಸಿಂಹಯ್ಯನವರು ಗೆದ್ದರೋ ಸೋತರೋ ಎಂದು ಆಗಾಗ ಯೋಚಿಸುತ್ತೇನೆ. ದೇವರ ಕೆಲಸವನ್ನು ದೇವರ ಹೆಸರಿನಲ್ಲಿ ಮಾಡಲು ಭಾವನಿಗೆ ನಾಚಿಕೆಯಾಗುವಂತೆ ಮಾಡಿದ್ದು ಆ ಪಾಠಗಳೇ ಇರಬೇಕು. ವಿಜ್ಞಾನಕ್ಕೆ ಅವರು ಕೊಡುವ ಗೌರವ ಅಪಾರ, ಅದು ಇಲ್ಲ ಎಂದುಬಿಟ್ಟೀತೆಂಬ ಭಯವೂ ಅಷ್ಟೇ. ಹಾಗಾಗಿ ಅದನ್ನು ಕೇಳುವುದೇ ಇಲ್ಲ, ಅದರ ಪರವಾಗಿ ತಾವೇ ಸಹಿ ಹಾಕುತ್ತಾರೆ.

“ಇಸ್ರೋದವರೇ ತಿರುಪತಿಗೆ ಹೋಗ್ತಾರಲ್ಲಯ್ಯಾ” ಎನ್ನುವುದು ಅವರ ಕೊನೆಯ ಬಾಣ. ಹೋಗುತ್ತಾರೆ. ಉಡಾವಣೆಗೆ ಮುನ್ನ ರಾಕೆಟ್ಟಿನ ಮಾದರಿಯನ್ನು ತಿಮ್ಮಪ್ಪನ ಸನ್ನಿಧಿಯಲ್ಲಿಟ್ಟು ಬರುತ್ತಾರೆ. ಪಿಎಸ್‌ಎಲ್‌ವಿಗಳ ಲೆಕ್ಕದಲ್ಲಿ 2009ರಲ್ಲಿ ಸಿ-12 ಆದಮೇಲೆ ಬಂದದ್ದು ಸಿ-14, ನಡುವೆ ಹದಿಮೂರು ಇಲ್ಲವೇ ಇಲ್ಲ. ಆದರೆ ತಿಮ್ಮಪ್ಪನ ಕೃಪೆಯಿಂದ ಇಂಧನ ಇಷ್ಟು ಕಿಲೋ ಉಳಿಯುತ್ತದೆಂದು ಅವರು ವರದಿಯಲ್ಲಿ ಬರೆಯುವುದಿಲ್ಲ. ಬೆಟ್ಟ ಇಳಿದು ಬಂದು ಕೌಂಟ್‌ಡೌನ್‌ನಲ್ಲಿ ಒಂದೊಂದು ವಾಲ್ವನ್ನೂ ಪರೀಕ್ಷಿಸುತ್ತಾರೆ. ಅವರಿಗೂ ನಮ್ಮ ಅತ್ತೆಗೂ ಮಾತು ಕುದುರುತ್ತದೆಂದು ನನ್ನ ಅನಿಸಿಕೆ. ಭಾವ ಆ ಮಾತಿನ ನಡುವೆ ಬಂದು ಕೆಡಿಸುತ್ತಾರೆ.

ಮೊನ್ನೆ ಡಲ್ಲಾಸಿನಿಂದ ಮೊಮ್ಮಗಳ ವಿಡಿಯೋ ಕರೆ. ಭಾವ ಸಂಧ್ಯಾವಂದನೆ ಮುಗಿಸಿ ಪಂಚಪಾತ್ರೆ ಎತ್ತಿಡುತ್ತಿದ್ದರು. “ತಾತ, ಅದನ್ನ ಯಾಕೆ ಡೈಲಿ ಮಾಡ್ತೀರಾ?” ಎಂದಿತು ಮಗು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಳೆಬಿಸಿಲು, ವಿಟಮಿನ್ ಡಿ, ಪ್ರಾಣಾಯಾಮ, ಶ್ವಾಸಕೋಶ, ಎಲ್ಲ ಸಾಲಾಗಿ ಬರುತ್ತವೆಂದು ಅಕ್ಕ ಆಗಲೇ ಅಡುಗೆಮನೆಗೆ ಹೊರಟಿದ್ದರು. ಭಾವ ಉದ್ಧರಣೆ ಒರೆಸುತ್ತ, “ಸುಮ್ನೆ ಪುಟ್ಟಿ. ಮಾಡಿದ್ರೆ ಸಮಾಧಾನ, ನಂಗಿಷ್ಟ” ಎಂದರು.

ನನಗೆ ಎದ್ದು ಹೋಗಿ ಕಾಲಿಗೆ ಬೀಳಬೇಕೆನ್ನಿಸಿತು. ಏಳುವಷ್ಟರಲ್ಲಿ ತೋರುಬೆರಳು ಮೇಲೆದ್ದಿತ್ತು.

“ಇಷ್ಟ ಅನ್ನೋದರ ಹಿಂದೂ ಸೈನ್ಸಿದೆ ಪುಟ್ಟಿ. ಡೋಪಮೈನ್ ಅಂತ. ಸಂಧ್ಯಾವಂದನೆಯಲ್ಲಿ ಆ ಮೂರು ಸಲ ನೀರು ಕುಡೀತೀವಲ್ಲ...”