ಶುಚಿರಾಯರು

ಪ್ರತಿಯೊಂದು ಬಡಾವಣೆಗೂ ಒಂದು ಶಿಶುವಿಹಾರವಿರುವಂತೆ, ಪ್ರತಿಯೊಂದು ಶಿಶುವಿಹಾರದ ಬಾಗಿಲಿಗೂ, ಯಾರೂ ನೇಮಿಸದೆ, ಯಾರೂ ಸಂಬಳ ಕೊಡದೆ, ಕೇವಲ ಲೋಕಹಿತದ ಪ್ರೇರಣೆಯಿಂದ ಒದಗಿಬಂದ ಒಬ್ಬ ಆರೋಗ್ಯಾಧಿಕಾರಿ ಇದ್ದೇ ಇರುತ್ತಾರೆ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಈ ಪದವಿಯನ್ನು ಅಲಂಕರಿಸಿರುವವರು, ಜಮಾಖರ್ಚಿನ ಕಡತಗಳ ನಡುವೆ ಮೂವತ್ತು ವರ್ಷ ಸವೆಸಿ ನಿವೃತ್ತರಾಗಿ, ಈಗ ಮೊಮ್ಮಗನನ್ನು ಬಿಟ್ಟುಬರುವ ನೆವದಿಂದ ಒಂಬತ್ತೂವರೆಗೆ ಹೋದವರು ಹನ್ನೆರಡೂವರೆಗೆ ಅವನನ್ನು ಕರೆದುಕೊಂಡೇ ಮರಳುವ ಹಿರಿಯರು. ಹೆತ್ತವರಿಟ್ಟ ಹೆಸರು ಪಡಿತರ ಚೀಟಿಯಲ್ಲಿದೆ. ಬೀದಿಗೆಲ್ಲ ಅವರು ಶುಚಿರಾಯರು.

ಮಳೆಗಾಲದ ಥಂಡಿ ಗಾಳಿಯೊಡನೆ ಶಿಶುವಿಹಾರದ ಮೊದಲ ಸೀನು ಕೇಳಿಬಂದ ಕ್ಷಣದಿಂದ ರಾಯರ ಪ್ರತಿಭೆ ಅರಳತೊಡಗುವುದು. ಫ್ಲೂ ಜ್ವರವು ತಾನು ಮೈದೋರುವುದಕ್ಕೆ ಒಂದು ದಿನ ಮೊದಲೇ ಪರರಿಗೆ ಹರಡಲಾರಂಭಿಸುವುದೆಂದೂ, ಅದರ ವೈರಾಣು ನುಣುಪಾದ ಮೇಜಿನ ಮೇಲೆ 48 ಗಂಟೆಯವರೆಗೂ ಜೀವ ಹಿಡಿದಿರಬಲ್ಲುದೆಂದೂ, ಕೈಗಳನ್ನು ಸಾಬೂನು ಹಚ್ಚಿ 20 ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಜ್ಜಬೇಕೆಂದೂ, ಆರು ತಿಂಗಳು ತುಂಬಿದ ಕೂಸಿಗೂ ವರ್ಷಕ್ಕೊಮ್ಮೆ ಲಸಿಕೆಯುಂಟೆಂದೂ ಅವರು ಸಾರುವಾಗ ಅದರಲ್ಲೊಂದು ಅಕ್ಷರವೂ ಸುಳ್ಳಲ್ಲ. ಇನ್‌ಫ್ಲುಯೆಂಜಾ ಎಂಬುದು ಇಟಲಿಯ ಮಾತೆಂದೂ, ಈ ವ್ಯಾಧಿ ಗ್ರಹಗಳ ಪ್ರಭಾವದಿಂದ ಬರುವುದೆಂದು ಅಲ್ಲಿಯ ಪ್ರಾಚೀನರು ನಂಬಿದ್ದರೆಂದೂ ಹೇಳಿ ನಗುವರು. ಔಷಧದ ನೆರವಿಲ್ಲದೆ 24 ಗಂಟೆ ಜ್ವರ ಬಿಟ್ಟಿರದ ಮಗುವಿಗೆ ಪ್ರವೇಶವಿಲ್ಲವೆಂಬುದು ಅವರ ಶಾಸನ. ಬೆಳಿಗ್ಗೆ ಸಿರಪ್ಪು ಕುಡಿಸಿ, ಹಣೆ ತಣ್ಣಗಾದೊಡನೆ ಮಗುವನ್ನು ತಂದು ಬಿಟ್ಟು ಕಚೇರಿಗೆ ಓಡುವ ಎಷ್ಟು ತಾಯಂದಿರು ಆ ಬಾಗಿಲಿನಿಂದ ಕಣ್ಣೀರು ತುಂಬಿ ಹಿಂದಿರುಗಿಲ್ಲ!

ಇಷ್ಟೆಲ್ಲ ಬಲ್ಲ ರಾಯರ ಎಡಜೇಬಿನಲ್ಲಿ ಒಂದು ಕರವಸ್ತ್ರವಿದೆ. ಬಿಳಿಯದು, ನಾಲ್ಕು ಮಡಿಕೆಯದು. ಸಿಂಬಳ ಸುರಿಯುವ ಮೂಗು ಕಂಡಲ್ಲಿ ಅವರ ಮನಸ್ಸು ತಡೆಯಲಾರದು. "ಬಾ ಕಂದ" ಎಂದು ಕರೆದು, ಎಡಗೈಯಿಂದ ಗಲ್ಲ ಹಿಡಿದೆತ್ತಿ, ಬಲಗೈಯಿಂದ ಒರೆಸಿ, ಕೆನ್ನೆ ತಟ್ಟಿ ಕಳುಹಿಸುವರು. ಮಗುವಿಗೊಂದು ಮಡಿಕೆ, ಅಂದರೆ ಒಬ್ಬರ ಖಾತೆ ಇನ್ನೊಬ್ಬರ ಖಾತೆಗೆ ಸೇರದಂತೆ ಕಟ್ಟುನಿಟ್ಟಿನ ವ್ಯವಸ್ಥೆ; ಐದನೆಯ ಮೂಗು ಬರುವಷ್ಟರಲ್ಲಿ ಮೊದಲನೆಯ ಮಡಿಕೆ ಒಣಗಿರುತ್ತದೆಂಬುದು ಅವರ ಲೆಕ್ಕ.

ಅತ್ತ, ಇನ್‌ಫ್ಲುಯೆಂಜಾ ಎಂಬ ಪದವನ್ನು ಉಚ್ಚರಿಸಲಾರದ ಆಯಾ, ಬಗ್ಗಿದ ಸೊಂಟ ಎತ್ತದೆ, ಮಕ್ಕಳನ್ನು ನಲ್ಲಿಯ ಮುಂದೆ ಸಾಲಾಗಿ ನಿಲ್ಲಿಸಿ, ಒಂದು ಶಿಶುಗೀತೆಯನ್ನು ಎರಡು ಸಲ ಹಾಡಿ ಮುಗಿಸುವವರೆಗೆ ಪುಟ್ಟ ಬೆರಳುಗಳ ಸಂದುಗಳನ್ನು ನೊರೆಯಲ್ಲಿ ತಿಕ್ಕುತ್ತಾಳೆ. ಮೂಗೊರೆಸಿದ ಕಾಗದವನ್ನು ಆಗಲೇ ಮುಚ್ಚಳದ ಬುಟ್ಟಿಗೆ ಹಾಕುತ್ತಾಳೆ. ಆಟದ ಸಾಮಾನನ್ನು ಸಂಜೆ ತೊಳೆದು ಒಣಹಾಕುತ್ತಾಳೆ. ಗಾಳಿಯಾಡಲೆಂದು ಕಿಟಕಿ ತೆರೆಯುತ್ತಾಳೆ. ಮಕ್ಕಳಿಗೆ ಥಂಡಿಯಾದೀತೆಂದು ರಾಯರು ಅದನ್ನು ಮುಚ್ಚುತ್ತಾರೆ. ಅವರು ಅತ್ತ ತಿರುಗಿದೊಡನೆ ಆಕೆ ಮತ್ತೆ ತೆರೆಯುತ್ತಾಳೆ.

ಕಳೆದ ಸೋಮವಾರ ರಾಯರು ತಲೆಗೆ ಮಫ್ಲರ್ ಸುತ್ತಿ, ಕೆಂಗಣ್ಣಿನಿಂದ ಬಂದರು. ಮೊಮ್ಮಗ ಕೈಬಿಡಿಸಿಕೊಂಡು ನಲ್ಲಿಯತ್ತ ಓಡಿದನು. ಹಿಂಬಾಲಿಸಹೊರಟ ರಾಯರಿಗೆ ಅಡ್ಡಲಾಗಿ ಆಯಾ ಗೇಟಿನ ಚಿಲಕ ಹಾಕಿದಳು.

"ಬರೀ ನೆಗಡಿಯಮ್ಮ. ಮಾತ್ರೆ ನುಂಗಿದ್ದೇನೆ, ಈಗ ಜ್ವರವೇ ಇಲ್ಲ," ಎಂದರು ರಾಯರು.

"ಮಾತ್ರೆ ನುಂಗ್ದೆ ಒಂದ್ ದಿನ ಪೂರ್ತಿ ಜ್ವರ ಬರ್ಬಾರ್ದು ಅಂತ ತಾವೇ ಹೇಳಿದ್ರಲ್ಲ ರಾಯ್ರೇ. ಮನೇಲಿ ಮಲಕ್ಕೊಳ್ಳಿ. ಮಗೂನ ಕರ್ಕೊಂಡ್ ಹೋಗಕ್ಕೆ ಅಮ್ಮಾವ್ರು ಬರ್ಲಿ."

ತಾವು ರಚಿಸಿದ ಶಾಸನಕ್ಕೆ ತಾವೇ ಅಪವಾದವೆಂಬ ತತ್ತ್ವವನ್ನು ಪ್ರತಿಪಾದಿಸಲು ರಾಯರು ಬಾಯಿ ತೆರೆದರು, ಬಂದದ್ದು ಸೀನು. ಎಡಜೇಬಿಗೆ ಕೈಹಾಕಿ ಕರವಸ್ತ್ರ ತೆಗೆದು, ಒಣಗಿರುವ ಮಡಿಕೆ ಯಾವುದೆಂದು ಹುಡುಕತೊಡಗಿದರು.