ದೆವ್ವಕ್ಕಿರುವ ಓದು ಇರುವೆಗಿಲ್ಲ

ನಮ್ಮ ಪ್ರಾಜೆಕ್ಟಿನ ಬಿಲ್ಡ್ ಸ್ಕ್ರಿಪ್ಟ್ ಇನ್ನೂ ಆ್ಯಂಟ್‌ನಲ್ಲಿದೆ. 2000ದಲ್ಲಿ ಹೊರಬಂದ, ಇರುವೆಯ ಹೆಸರಿಟ್ಟುಕೊಂಡ ಈ ಸಾಧನವನ್ನು ಹೊಸ ಹುಡುಗರು ಮ್ಯೂಸಿಯಮ್ಮಿನ ವಸ್ತುವಿನಂತೆ ನೋಡುತ್ತಾರೆ. ನನ್ನನ್ನೂ ಹಾಗೇ ನೋಡುವುದರಿಂದ ಅದರ ಉಸ್ತುವಾರಿ ನನ್ನ ಪಾಲಿಗೇ ಬಂದಿದೆ.

ಬಿಲ್ಡ್ ಮುಗಿದ ಮೇಲೆ ಟೆಸ್ಟ್ ಡೇಟಾ ಫೋಲ್ಡರನ್ನು ಅಳಿಸುವ ಟಾರ್ಗೆಟ್ ಒಂದಿತ್ತು. ಬೇಕಾದಾಗ ಮಾತ್ರ ಅಳಿಸಲಿ ಎಂದು ‘ವೈಪ್’ ಅಂತ ಒಂದು ಪ್ರಾಪರ್ಟಿ ಮಾಡಿ, ಟಾರ್ಗೆಟ್ಟಿಗೆ ‘ಇಫ್ ವೈಪ್’ ಎಂಬ ಷರತ್ತು ಅಂಟಿಸಿದೆ. ವೈಪ್ ಎದುರಿಗೆ ‘ಫಾಲ್ಸ್’ ಎಂದು ಬರೆದೆ. ಶುಕ್ರವಾರ ಸಂಜೆ ರನ್ ಮಾಡಿ ಕಾಫಿಗೆ ಹೋದೆ. ಬಂದು ನೋಡಿದರೆ ‘ಬಿಲ್ಡ್ ಸಕ್ಸಸ್‌ಫುಲ್’. ಡೇಟಾ ಫೋಲ್ಡರ್ ಮಾತ್ರ ನಾಪತ್ತೆ.

ಪಕ್ಕದ ಸೀಟಿನ ಹುಡುಗಿಯಿಂದ ಒಂದು ಕಾಪಿ ಬೇಡಿ ತಂದೆ. ‘ಫಾಲ್ಸ್’ ತೆಗೆದು ‘ನೋ’ ಎಂದು ಬರೆದೆ. ಅಳಿಸಿತು. ಮತ್ತೊಂದು ಕಾಪಿ. ಈ ಸಲ ಮೇಲಿನ ಸಾಲು ಮುಟ್ಟದೆ, ಅದರ ಕೆಳಗೆ ವೈಪ್‌ಗೆ ಖಾಲಿ ಬೆಲೆ ಕೊಟ್ಟು ಇನ್ನೊಂದು ಸಾಲು ಸೇರಿಸಿದೆ. ಅದನ್ನೂ ಅಳಿಸಿತು. ಮೂರನೇ ಕಾಪಿ ಕೇಳಲು ಹೋದಾಗ ಅವಳು ಕುರ್ಚಿ ತಿರುಗಿಸಿ ನನ್ನ ಸ್ಕ್ರೀನ್ ನೋಡಿದಳು.

“ಸಾರ್, ಅದು ಬೆಲೆ ನೋಡಲ್ಲ. ಪ್ರಾಪರ್ಟಿ ಸೆಟ್ ಆಗಿದೆಯಾ ಇಲ್ವಾ, ಅಷ್ಟೇ ನೋಡೋದು.”

ನಮ್ಮೂರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ದೆವ್ವ ಕೂಡ ಓದಿಕೊಂಡು ವಾಪಸ್ಸು ಹೋಗುತ್ತಿತ್ತು. ಆ್ಯಂಟ್ ಹಾಗಲ್ಲ. ಬಾಗಿಲ ಮೇಲೆ ಏನೋ ಬರೆದಿದೆ ತಾನೆ, ಹಾಗಾದರೆ ಒಳಗೆ ಬಾ ಎಂದೇ ಅರ್ಥ ಅಂತ ನುಗ್ಗುತ್ತದೆ. ಇನ್ನು ಕೆಳಗಿನ ಸಾಲು? ಆ್ಯಂಟ್‌ಗೆ ಮೊದಲು ಹೇಳಿದ್ದೇ ವೇದವಾಕ್ಯ. ಒಮ್ಮೆ ಸೆಟ್ ಆದ ಪ್ರಾಪರ್ಟಿಗೆ ಮತ್ತೆ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದು.

“1.8ರಿಂದ ಡಾಲರ್, ಬ್ರೇಸ್ ಹಾಕಿ ಬರೆದ್ರೆ ಟ್ರೂ, ಯೆಸ್, ಆನ್ ಎಲ್ಲ ಓದುತ್ತೆ ಸಾರ್. ಮ್ಯಾನ್ಯುಯಲ್‌ನಲ್ಲೇ ಇದೆ,” ಎಂದಳು. ಮ್ಯಾನ್ಯುಯಲ್ ಓದುವುದು ಜೂನಿಯರ್‌ಗಳ ಕೆಲಸವೆಂದು ನಾನೇ ಇವರಿಗೆಲ್ಲ ಹೇಳಿಕೊಟ್ಟವನು.

ಅವಳು ಹೇಳಿದಂತೆ ಮಾಡಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಸೀನಿಯರ್ ಎಂಬ ಮರ್ಯಾದೆ ಒಂದಿದೆಯಲ್ಲ. ನನ್ನದೇ ದಾರಿ ಹಿಡಿದೆ: ‘ಕೀಪ್’ ಎಂಬ ಫೈಲ್ ಇದ್ದರೆ ‘ಅವೈಲಬಲ್’ ಟಾಸ್ಕ್ ಒಂದು ಪ್ರಾಪರ್ಟಿ ಸೆಟ್ ಮಾಡಲಿ, ಟಾರ್ಗೆಟ್ಟಿಗೆ ‘ಅನ್‌ಲೆಸ್’ ಕೊಟ್ಟರೆ ಡೇಟಾ ಉಳಿಯುತ್ತದೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಐದು ಸಲ ಓಡಿಸಿದೆ. ಐದು ಸಲವೂ ಉಳಿಯಿತು. ಹುಡುಗಿಗೆ ಕೇಳಿಸುವಂತೆ ಕೆಮ್ಮಿ, ಸ್ಕ್ರಿಪ್ಟನ್ನು ಲಿನಕ್ಸ್ ಸರ್ವರಿಗೆ ಏರಿಸಿದೆ.

ಸ್ಕ್ರಿಪ್ಟಿನಲ್ಲಿ ನಾನು ಬರೆದದ್ದು ದೊಡ್ಡಕ್ಷರದ ‘ಕೆ’. ಫೈಲಿನ ಹೆಸರಲ್ಲಿದ್ದದ್ದು ಸಣ್ಣಕ್ಷರದ್ದು. ವಿಂಡೋಸ್‌ಗೆ ಎರಡೂ ಒಂದೇ. ಲಿನಕ್ಸ್‌ಗೆ ಅವು ಬೇರೆ ಬೇರೆ ಗೋತ್ರ. ಫೈಲ್ ಇಲ್ಲ ಎಂದುಕೊಂಡಿತು, ಪ್ರಾಪರ್ಟಿ ಸೆಟ್ ಆಗಲಿಲ್ಲ, ಇಡೀ ಟೀಮಿನ ಡೇಟಾ ಗುಡಿಸಿಕೊಂಡು ಹೋಯಿತು. ಕೊನೆಗೆ ‘ಬಿಲ್ಡ್ ಸಕ್ಸಸ್‌ಫುಲ್’.

ಸೋಮವಾರ ಆ ಟಾರ್ಗೆಟ್ಟನ್ನೇ ಕಿತ್ತೆಸೆದೆ. ಹಳೆ ಡೇಟಾವನ್ನು ಇನ್ನು ಮುಂದೆ ನಾನೇ ಕೈಯಾರೆ ಅಳಿಸುತ್ತೇನೆಂದು ಎಲ್ಲರಿಗೂ ಮೇಲ್ ಹಾಕಿದೆ.

ಸರ್ವರಿನ ಡಿಸ್ಕ್ ತುಂಬಿಹೋಗಿದೆಯೆಂದು ನಿನ್ನೆ ಮೇಲ್ ಬಂದಿದೆ.