ಆಗುಂಬೆಗೊಂದು ತ್ರಿಕೋನ

ಬಣ್ಣ ತುಂಬಿದ ನಕ್ಷೆಯೊಂದನ್ನು ಕಂಡೊಡನೆ ಅದರ ಸೌಂದರ್ಯಕ್ಕೆ ಮರುಳಾಗುವವರೇ ಲೋಕದಲ್ಲಿ ಬಹುಮಂದಿ. ಅದರ ಬಲಮಗ್ಗುಲಿಗೆ ವಿನೀತವಾಗಿ ನಿಂತು, ಯಾವ ವರ್ಣಕ್ಕೆ ಎಷ್ಟು ಮೌಲ್ಯವೆಂಬುದನ್ನು ಸಾರುವ ಕಿರಿದಾದ ಪಟ್ಟಿಯನ್ನು ಓದುವವರು ವಿರಳ. ನನ್ನನ್ನು ಕೇಳಿದರೆ, ನಕ್ಷೆಯ ಸತ್ಯವೆಲ್ಲ ಆ ಪಟ್ಟಿಯಲ್ಲಿರುವುದು, ಉಳಿದದ್ದು ಅಲಂಕಾರ.

ಈ ಅಭಿಪ್ರಾಯವನ್ನು ನನ್ನಲ್ಲಿ ಬಿತ್ತಿದವಳು, ಮೈಸೂರಿನ ರಾಮಕೃಷ್ಣನಗರದ ನಮ್ಮ ಮನೆಯಲ್ಲಿದ್ದುಕೊಂಡು ಮಾನಸಗಂಗೋತ್ರಿಯಲ್ಲಿ ಸಂಶೋಧನೆ ನಡೆಸುತ್ತಿರುವ ನನ್ನ ತಂಗಿಯ ಮಗಳು. ಕರ್ನಾಟಕದ ವಾರ್ಷಿಕ ಮಳೆಯನ್ನು ಮ್ಯಾಟ್‌ಪ್ಲಾಟ್‌ಲಿಬ್ ಎಂಬ ತಂತ್ರಾಂಶದಲ್ಲಿ ಚಿತ್ರಿಸಿ, “ಕಲರ್‌ಬಾರ್ ಒಂದು ಹಾಕಿಬಿಟ್ಟರೆ ಮುಗಿಯಿತು ಮಾವ” ಎಂದಳು. ಹಾಕಿದೊಡನೆ ರಾಜ್ಯವು ಕುಗ್ಗಿತು! ಈ ಪಟ್ಟಿಯು ತನಗೆ ಬೇಕಾದ ಸ್ಥಳವನ್ನು ಚಿತ್ರದಿಂದಲೇ ಕದ್ದುಕೊಳ್ಳುವುದೆಂದು ತಂತ್ರಾಂಶದ ಕೈಪಿಡಿಯೇ ನಿಸ್ಸಂಕೋಚವಾಗಿ ಹೇಳುತ್ತದೆ. ನಮ್ಮ ಬಡಾವಣೆಯಲ್ಲಿ ಕಾರು ಕೊಂಡವರು ಮನೆಯ ಮುಂದಣ ಕೈತೋಟಕ್ಕೆ ಮಾಡುವುದೂ ಇದನ್ನೇ, ಆದರೆ ಅವರಾರೂ ಅದನ್ನು ಬರೆದುಕೊಡುವುದಿಲ್ಲ.

ಹಿಂದೆ ಇಂತಹ ಚಿತ್ರಗಳಿಗೆ ತಾನಾಗಿ ಒದಗಿಬರುತ್ತಿದ್ದುದು ‘ಜೆಟ್’ ಎಂಬ ಕಾಮನಬಿಲ್ಲು. ಅದರ ನಡುವಣ ಹಳದಿಯು ಅತಿಯಾಗಿ ಹೊಳೆದು, ಮಳೆಯಲ್ಲಿಲ್ಲದ ಗಡಿಗಳನ್ನು ಕಣ್ಣಿನಲ್ಲಿ ಹುಟ್ಟಿಸುತ್ತಿತ್ತು. ನಥೇನಿಯಲ್ ಸ್ಮಿತ್, ಸ್ಟೀಫಾನ್ ವಾನ್ ಡೆರ್ ವಾಲ್ಟ್, ಎರಿಕ್ ಫೈರಿಂಗ್ ಎಂಬ ಮೂವರು 2015ರಲ್ಲಿ ರೂಪಿಸಿದ ‘ವಿರಿಡಿಸ್’ 2017ರಲ್ಲಿ ಆ ಪೀಠವನ್ನೇರಿತು: ಕಡುನೇರಳೆಯಿಂದ ಹಸುರನ್ನು ಹಾದು ಹಳದಿಯವರೆಗೆ ಒಂದೇ ಸಮನಾಗಿ ಬೆಳಗುತ್ತ ಹೋಗುವ, ಕೆಂಪು-ಹಸುರುಗಳ ಭೇದ ಕಾಣದವರಿಗೂ ಮೋಸ ಮಾಡದ ಸಾಧುಸ್ವಭಾವದ ವರ್ಣಶ್ರೇಣಿ. ಆದರೆ ಅದರಲ್ಲಿ ಕನಿಷ್ಠಕ್ಕೆ ನೇರಳೆ, ಗರಿಷ್ಠಕ್ಕೆ ಹಳದಿ; ಆದಕಾರಣ ಮಳೆ ಕಾಣದ ಚಳ್ಳಕೆರೆಯು ಕಾರ್ಮುಗಿಲಿನ ಬಣ್ಣ ತೊಟ್ಟು ಮೆರೆಯಲು, ಆಗುಂಬೆಯ ಪಾಲಿಗೆ ಒಣಹುಲ್ಲಿನ ಬಣ್ಣ ಬಂದಿತು. ಹೆಸರಿನ ಬಾಲಕ್ಕೆ ಒಂದು ಅಡಿಗೆರೆಯನ್ನೂ ‘ಆರ್’ ಅಕ್ಷರವನ್ನೂ ಅಂಟಿಸಿದ ಮೇಲೆ ಶ್ರೇಣಿಯು ತಲೆಕೆಳಗಾಗಿ, ಋತುಧರ್ಮ ನೆಟ್ಟಗಾಯಿತು.

ಅಲ್ಲಿಗೂ ಕಷ್ಟ ಮುಗಿಯಲಿಲ್ಲ. 7000 ಮಿಲಿಮೀಟರನ್ನು ಮೀರುವ ಆಗುಂಬೆಯನ್ನು ತುದಿಯಲ್ಲಿರಿಸಿ ಬಣ್ಣಗಳನ್ನು ಸಮವಾಗಿ ಹಂಚಿದರೆ, 800ರ ಆಸುಪಾಸಿನ ಮೈಸೂರಿಗೂ 500ರ ಆಸುಪಾಸಿನ ಚಳ್ಳಕೆರೆಗೂ ಹೆಚ್ಚುಕಡಿಮೆ ಒಂದೇ ಹಳದಿ; ಊರೊಂದು ವರ್ಣಸಂಪತ್ತನ್ನೆಲ್ಲ ಕಬಳಿಸಿ, ಬಯಲುಸೀಮೆಯ ತಾರತಮ್ಯವನ್ನೇ ಅಳಿಸಿಹಾಕಿತು. ಲಾಗರಿತಮಿನ ಹಂಚಿಕೆಯೂ ಒಂದು ಮಾರ್ಗವೇ. ಆದರೆ ಅದನ್ನು ಓದಬಲ್ಲವರು, ಪಟ್ಟಿ ಓದುವ ಅಲ್ಪಸಂಖ್ಯಾತರಲ್ಲಿಯೂ ಅಲ್ಪಸಂಖ್ಯಾತರು. ಕಡೆಗೆ ಹುಡುಗಿಯು ಪಟ್ಟಿಯನ್ನು 400ರಿಂದ ಹೊರಡಿಸಿ 2000ಕ್ಕೆ ನಿಲ್ಲಿಸಿ, ಅದಕ್ಕೂ ಮಿಗಿಲಾದವರೆಲ್ಲರಿಗೆ ಸೇರಿ ತುದಿಯಲ್ಲಿ ಪುಟ್ಟ ತ್ರಿಕೋನವೊಂದನ್ನು ಕರುಣಿಸಿದಳು. ಮೈಸೂರಿಗೆ ತಿಳಿಹಸುರು ದಕ್ಕಿತು; ನನಗೆ ಪರಮ ಸಮಾಧಾನವಾಯಿತು.

ಆಗದಿದ್ದುದು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರಿಗೆ. ಪರಮಹಂಸರ ವೃತ್ತದವರೆಗಿನ ಸಂಜೆಯ ವಾಯುವಿಹಾರ ಮುಗಿಸಿ, ಕಾಫಿಯ ಹೊತ್ತಿಗೆ ಸರಿಯಾಗಿ ಬಂದ ಅವರು ತೀರ್ಥಹಳ್ಳಿಯ ಕಡೆಯವರು. ಕನ್ನಡಕವೇರಿಸಿ ನೋಡಿ, “ಅಲ್ಲಮ್ಮ, ನಮ್ಮ ಆಗುಂಬೆಯ ಮಳೆಯನ್ನೆಲ್ಲ ಈ ಮೂಲೆಯಲ್ಲಿ ತುರುಕಿಬಿಟ್ಟೆಯಲ್ಲ!” ಎಂದು ನೊಂದುಕೊಂಡರು. ಸಂಖ್ಯಾಶಾಸ್ತ್ರ, ಔಚಿತ್ಯ, ಬಯಲುಸೀಮೆಯ ಹಕ್ಕು ಇವೆಲ್ಲವನ್ನೂ ಆಕೆ ಸಾವಧಾನವಾಗಿ ವಿವರಿಸಿದಳು. ಅವರು ಲೋಟ ಕೆಳಗಿಟ್ಟು ಹೇಳಿದರು:

“ರಾಜ್ಯ ಚಿಕ್ಕದಾದರೂ ಚಿಂತೆಯಿಲ್ಲಮ್ಮ, ನೀನು ಪಟ್ಟಿಯನ್ನು ಉದ್ದ ಮಾಡು.”